ಕತ್ತೆಕಿವಿಯ ಕಲ್ಲುರಾಶಿ

ಮಾನ್ಯ ಅಧ್ಯಕ್ಷರಾದ ವರ್ಲ್ ಹ್ಯಾನ್ಸನ್ ಅವರೇ, ಜಿಲ್ಲಾ ಕಚೇರಿಯಿಂದ ಈ ಬಿಸಿಲಿನಲ್ಲಿ ಬಂದಿರುವ ಅತಿಥಿಗಳೇ, ನಮ್ಮ ಮರುಭೂಮಿ ಹಾರಾಟಗಾರರ ಸಂಘದ ಸದಸ್ಯರೇ, ಊಟಕ್ಕಿಂತ ಮೊದಲು ಭಾಷಣ ಇಟ್ಟರಲ್ಲ ಎಂದು ಒಳಗೊಳಗೇ ಗೊಣಗುತ್ತಿರುವ ಸಭಿಕರೇ,

ನನಗೆ ಕಾಗದ ಬರೆದು ಅಭ್ಯಾಸವೇ ಹೊರತು ಭಾಷಣ ಮಾಡಿ ಅಲ್ಲ. ಕಾಗದದಲ್ಲಿ ಮೊದಲು ಕ್ಷೇಮ ವಿಚಾರಿಸುತ್ತೇನೆ, ಇಲ್ಲಿಯೂ ಹಾಗೆಯೇ ಶುರುಮಾಡುತ್ತೇನೆ. ವರ್ಲ್, ನಿನ್ನ ಮೊಣಕಾಲು ಹೇಗಿದೆ? ವಿಮಾನದ ಪೆಡಲ್ ತುಳಿಯುವಾಗಲೂ ನೋಯುತ್ತದೆಯೋ, ಅಥವಾ ಹೆಂಡತಿ ಅಡುಗೆಮನೆಗೆ ಕರೆದಾಗ ಮಾತ್ರವೋ? ಡೊರೀನ್, ಕಣ್ಣಿನ ಪೊರೆ ತೆಗೆಸಿದ ಮೇಲೆ ನನ್ನ ಮುಖ ಸರಿಯಾಗಿ ಕಾಣುತ್ತಿದೆಯೇ? ಕಾಣುತ್ತಿದ್ದರೆ ಕ್ಷಮಿಸು. ಇಲೀನ್ ಅತ್ತಿಗೆ, ಬೆನ್ನಿಗೆ ದಿಂಬು ಕೊಡಲು ಯಾರಿಗಾದರೂ ಹೇಳಲೇ? ಮಾಯ್ತೆ, ಹಿಂದಿನ ಸಾಲಿನಲ್ಲಿ ಕಾಲು ಚಾಚಿ ಕುಳಿತಿರುವ ಮಗಳೇ, ಪಾದದ ಊತ ಇಳಿಯಿತೇ? ಹೊಟ್ಟೆಯೊಳಗಿರುವವರು ಒದೆಯುತ್ತಿದ್ದಾರೆಯೇ? ಒದೆಯಲಿ, ಒದೆಯಲಿ. ಇವತ್ತು ನಾನು ಆಡುವ ಮಾತು ಮುಖ್ಯವಾಗಿ ಅವರಿಗೆ ಸೇರಿದ್ದು.

ಹೊಸಬರಿಗಾಗಿ ಹೇಳುತ್ತೇನೆ. ನಾನು ಥೋರಾ ಜೋರ್ಗೆನ್ಸನ್. ತೀರಿಕೊಂಡ ಆರ್ವಿಡ್‌ನ ತಂಗಿ. ಈ ಮೇಜಿನ ಮೇಲೆ ಪರದೆ ಹೊದ್ದು ಕುಳಿತಿರುವ ಕಂಚಿನ ಫಲಕ ಅವನ ಹೆಸರಿನದು. ಅದನ್ನು ಕತ್ತೆಕಿವಿಯ ಕಲ್ಲುರಾಶಿಗೆ ಜಡಿಯಬೇಕು ಎಂಬುದು ಸಂಘದ ನಿರ್ಧಾರ. ಆ ರಾಶಿಯ ಬಗ್ಗೆ ನಾಲ್ಕು ಒಳ್ಳೆಯ ಮಾತಾಡು ಎಂದು ವರ್ಲ್ ನನಗೆ ಹೇಳಿದ. ಒಳ್ಳೆಯ ಮಾತನ್ನೇ ಆಡುತ್ತೇನೆ. ಆದರೆ ಎಲ್ಲಿಗೆ ಹೋಗಿ ಮುಟ್ಟುತ್ತೇನೋ ಅದು ಅವನಿಗೆ ಗೊತ್ತಿಲ್ಲ. ವರ್ಲ್, ನೀರು ಕುಡಿ.

ಕತ್ತೆಕಿವಿಯಲ್ಲಿ ಒಮ್ಮೆಯಾದರೂ ಇಳಿದವರು ಇಲ್ಲಿ ಎಷ್ಟು ಮಂದಿ ಇದ್ದೀರಿ? ಕೈ ಎತ್ತಬೇಡಿ, ನಿಮ್ಮ ಕಾರಿನ ಹಿಂದೆ ಅಂಟಿಸಿಕೊಂಡಿರುವ ಕತ್ತೆಕಿವಿಯ ಸ್ಟಿಕ್ಕರ್ ನೋಡಿದ್ದೇನೆ. ಕೆಳಗೆ ನದಿ, ಮೇಲೆ ಕೆಂಪು ಬಂಡೆ, ನಡುವಿನ ಜಗಲಿಯ ಮೇಲೆ ಒಂದು ಮಣ್ಣಿನ ರನ್‌ವೇ. ಇಳಿಯುವುದು ಯಾವಾಗಲೂ ಏರುಮುಖವಾಗಿ, ಹಾರುವುದು ಯಾವಾಗಲೂ ಇಳಿಮುಖವಾಗಿ. ಇನ್ನೊಮ್ಮೆ ಯೋಚಿಸುತ್ತೇನೆ ಎಂದು ಮಧ್ಯದಲ್ಲಿ ತಿರುಗಲು ಅಲ್ಲಿ ಆಕಾಶವೇ ಇಲ್ಲ. ಅಂಥ ಜಾಗವನ್ನು ಸಂಜೆಯ ವಾಕಿಂಗಿನ ಹಾದಿಯಂತೆ ಬಳಸಿದವನು ನನ್ನ ಅಣ್ಣ. ನನಗೆ ಹಾರುವುದನ್ನು ಕಲಿಸಿದವನೂ ಅವನೇ. ಎಂಟನೆಯ ತರಗತಿಯ ಆಚೆ ನಾನು ಶಾಲೆಯ ಮುಖ ನೋಡಲಿಲ್ಲ. ಉಳಿದದ್ದೆಲ್ಲ ಅವನ ಬೈಗುಳದಿಂದ ಮತ್ತು ಎರವಲು ಪುಸ್ತಕಗಳಿಂದ ಕಲಿತದ್ದು.

ಅವನ ಕಾನೂನು ನಿಮಗೆಲ್ಲ ಗೊತ್ತು. ಕತ್ತೆಕಿವಿಯಲ್ಲಿ ಇಳಿದವರು ರನ್‌ವೇಯಿಂದ ಒಂದು ಕಲ್ಲು ಎತ್ತಿ, ಮೇಲ್ತುದಿಯಲ್ಲಿ ವಿಮಾನ ನಿಲ್ಲಿಸುವ ಜಾಗದ ಪಕ್ಕದಲ್ಲಿ ಹಾಕಬೇಕು. ಹಾಕದೆ ಯಾರೂ ಹಾರುವಂತಿಲ್ಲ. ಒಮ್ಮೆ ಬಿಳಿ ಬೂಟಿನ ಒಬ್ಬ ಹಲ್ಲಿನ ಡಾಕ್ಟರು ಇಳಿದು, ಫೋಟೋ ತೆಗೆದುಕೊಂಡು, ಮತ್ತೆ ಹತ್ತಲು ಹೊರಟರು. ಅಣ್ಣ ಪ್ರೊಪೆಲ್ಲರ್ ಮುಂದೆ ಹೋಗಿ ನಿಂತ.

"ಕಲ್ಲೆಲ್ಲಿ ಡಾಕ್ಟ್ರೇ?"

"ಯಾವ ಕಲ್ಲಪ್ಪಾ?"

"ನೀವು ಎತ್ತದೆ ಬಿಟ್ಟದ್ದು."

"ಅಯ್ಯೋ, ನನಗೆ ಬೆನ್ನುನೋವು ಇದೆ ಕಣಯ್ಯಾ!"

"ಸಣ್ಣದು ಎತ್ತಿ. ನನ್ನ ಹಲ್ಲು ಕೀಳೋವಾಗ ಬೆನ್ನುನೋವು ಅಂತ ಅರ್ಧಕ್ಕೆ ಬಿಡ್ತೀರಾ?"

ಡಾಕ್ಟರು ಎತ್ತಿದರು. ಆಮೇಲೆ ಪ್ರತಿ ವರ್ಷ ಬಂದು ಎತ್ತಿದರು. ಹೀಗೆ ಎಲ್ಲರೂ ಎತ್ತಿ ಎತ್ತಿ ರನ್‌ವೇ ನುಣ್ಣಗಾಯಿತು, ರಾಶಿ ಮನೆಯಷ್ಟು ಎತ್ತರವಾಯಿತು. ನಮ್ಮವರು ಒಬ್ಬೊಬ್ಬರಾಗಿ ತೀರಿಹೋಗತೊಡಗಿದ ಮೇಲೆ ಅವರ ಹೆಸರು ಬರೆದ ಕಲ್ಲುಗಳೂ ಅಲ್ಲಿ ಸೇರಿದವು. ಆರ್ವಿಡ್‌ನ ಕಲ್ಲನ್ನು ಅತ್ತಿಗೆಯೂ ನಾನೂ ಸೇರಿ ಇಟ್ಟೆವು. ನಾನು ಅಲ್ಲಿ ಇಳಿದಾಗಲೆಲ್ಲ ಅವನಿಗೆ ಆ ದಿನದ ಗಾಳಿ ಹೇಗಿತ್ತು ಎಂದು ಹೇಳಿಯೇ ಬರುತ್ತೇನೆ. ಇದನ್ನು ಹೇಳಬೇಕೆಂದು ಬರೆದುಕೊಂಡಿರಲಿಲ್ಲ. ಇರಲಿ.

ಈಗ ಪ್ರಶ್ನೆಗೆ ಬರುತ್ತೇನೆ. ಪ್ರಶ್ನೆ ಎಂದರೆ ನನಗೆ ಮೊದಲಿನಿಂದಲೂ ಒಂದು ತುರಿಕೆ. ರನ್‌ವೇಯ ಕೆಳತುದಿಯಲ್ಲಿ ಕೆಲವು ವರ್ಷಗಳಿಂದ ಒಂದು ಕೊರಕಲು ಬಿದ್ದಿದೆ. ಪ್ರತಿ ವಸಂತದಲ್ಲೂ ನಾವು ಸಲಿಕೆ ಹಿಡಿದು ಹೋಗಿ ಮಣ್ಣು ತುಂಬುತ್ತೇವೆ, ಹುರಿದ ಸಾಸೇಜ್ ತಿನ್ನುತ್ತೇವೆ, ಬರುತ್ತೇವೆ. ಜುಲೈನ ಗುಡುಗುಮಳೆಗೆ ಅದು ಮತ್ತೆ ಬೀಳುತ್ತದೆ, ಹಿಂದಿನದಕ್ಕಿಂತ ಒಂದಿಷ್ಟು ಮೇಲಕ್ಕೆ. ಕೊರಕಲಿನಾಚೆ ಒಳ್ಳೆಯ ನೆಲ ಇದೆ, ಆದರೆ ನಾವು ತುಂಬಿದ ಸಡಿಲ ಮಣ್ಣಿನಲ್ಲಿ ಚಕ್ರ ಹೂತುಕೊಳ್ಳುವುದರಿಂದ ದಾಟುವ ಹಾಗಿಲ್ಲ. ಮೊದಲು ಒಣ ಜೂನಿಪರ್ ಮರದ ಹತ್ತಿರ ನನ್ನ ಚಕ್ರ ನೆಲ ಬಿಡುತ್ತಿತ್ತು, ಮುಂದೆ ಧಾರಾಳವಾಗಿ ನೆಲ ಉಳಿಯುತ್ತಿತ್ತು. ಹೋದ ಬೇಸಿಗೆ ಚಕ್ರ ನೆಲ ಬಿಟ್ಟಾಗ ಕೊರಕಲಿನ ಬಾಯಿ ನನ್ನ ಕಾಲಡಿಯಲ್ಲೇ ಇತ್ತು. ಇಳಿದ ಮೇಲೆ ವರ್ಲ್‌ಗೆ ಹೇಳಿದೆ. ವರ್ಲ್, ನೀನು ಏನೆಂದೆ ಎಂದು ಸಭೆಗೆ ಹೇಳಲೇ?

"ನೆಲ ಕಮ್ಮಿ ಆಗಿಲ್ಲ ಥೋರಕ್ಕಾ, ನೀನು ಜಾಸ್ತಿ ಆಗಿದೀಯ."

"ನಿನ್ನ ಬಾಯಿಗೆ ಮಣ್ಣು ಹಾಕ. ಹಳ್ಳ ಇರೋದು ಬಂಡೆ ಕಡೆ. ನೀರು ಈ ಕಡೆ ಯಾಕೆ ಬರ್ತಿದೆ, ಅದನ್ನ ಹೇಳು."

"ಮಳೆ ಬಂತು, ಕೊರೀತು. ಅದ್ರಲ್ಲಿ ಕೇಳೋದೇನಿದೆ? ಇಲ್ಲಾಂದ್ರೆ ಆ ಬೆನ್ಯಾತ್‌ನ ಕುರಿಗಳು ತುಳಿದು ದಾರಿ ಮಾಡಿರ್ತವೆ."

ಬೆನ್ಯಾತ್ ಅಂದರೆ ಮಾಯ್ತೆಯ ಗಂಡ. ಕತ್ತೆಕಿವಿಯ ಕೆಳಗಿನ ಕಣಿವೆಯಲ್ಲಿ ಕುರಿ ಸಾಕಿಕೊಂಡಿದ್ದಾನೆ. ಅವನನ್ನೂ ಕೇಳಿದೆ.

"ನನ್ನ ಕುರಿಗಳಿಗೆ ರನ್‌ವೇಲಿ ಏನು ಕೆಲಸ ಅಜ್ಜೀ? ಪೆಟ್ರೋಲ್ ಕುಡಿಯೋಕೆ ಹೋಗ್ತವಾ?"

ನ್ಯಾಯವಾದ ಮಾತು. ಆಗ ಉಳಿದದ್ದು ಒಂದೇ ಉಪಾಯ, ನೀರನ್ನೇ ಕೇಳುವುದು. ಸೆಪ್ಟೆಂಬರಿನಲ್ಲಿ ಗುಡುಗಿನ ಸೂಚನೆ ಇದ್ದ ದಿನ ಬೆಳಿಗ್ಗೆಯೇ ಹೋಗಿ ಇಳಿದೆ. ಎಲ್ಲ ಪೈಲಟ್‌ಗಳೂ ಅಂಥ ದಿನ ಮನೆಯಲ್ಲಿರುತ್ತಾರೆ. ಅದಕ್ಕೇ ಯಾರೂ ಇದನ್ನು ಕಂಡಿರಲಿಲ್ಲ. ವಿಮಾನವನ್ನು ರನ್‌ವೇ ಪಕ್ಕದ ತುಸು ಎತ್ತರದ ಹಾಸುಬಂಡೆಗೆ ತಳ್ಳಿ ಕಟ್ಟಿಹಾಕಿ, ಮಡಚುವ ಕುರ್ಚಿ ಬಿಚ್ಚಿ, ಬ್ರೆಡ್ಡು ಬಿಚ್ಚಿ, ಸಿನಿಮಾಕ್ಕೆ ಬಂದವಳಂತೆ ಕುಳಿತೆ. ಮಧ್ಯಾಹ್ನದ ಮೇಲೆ ಬಂಡೆಯಾಚೆ ಎಲ್ಲೋ ಮಳೆ ಹೊಡೆಯಿತು. ನನ್ನ ಮೇಲೆ ಇನ್ನೂ ಹನಿಯೂ ಬಿದ್ದಿರಲಿಲ್ಲ, ಹಳ್ಳ ಕೆಂಪಗೆ ಕೂಗುತ್ತಾ ಬಂತು. ಬಂದದ್ದು ನೇರವಾಗಿ ನಮ್ಮ ಕಲ್ಲುರಾಶಿಗೆ ತಾಗಿತು. ರಾಶಿ ಬೆಳೆಯುತ್ತಾ ಬೆಳೆಯುತ್ತಾ ಹಳ್ಳದೊಳಕ್ಕೆ ಜಾರಿದೆ; ನಾವು ಮೇಲಿನಿಂದ ನೋಡಿದವರು, ಬುಡ ನೋಡಿದವರಲ್ಲ. ಕಸಕಡ್ಡಿ, ಮುಳ್ಳುಕಂಟಿ ಎಲ್ಲ ಅಲ್ಲಿ ಸಿಕ್ಕಿಕೊಂಡವು. ನೀರು ಬೀಗ ಹಾಕಿದ ಮನೆಗೆ ಬಂದ ನೆಂಟರ ಹಾಗೆ ಒಂದು ಕ್ಷಣ ನಿಂತಿತು. ಆಮೇಲೆ ಪಕ್ಕಕ್ಕೆ ತಿರುಗಿ ರನ್‌ವೇ ಹತ್ತಿತು. ನಾವು ಅಷ್ಟು ನುಣ್ಣಗೆ ಮಾಡಿಟ್ಟ ನೆಲದಲ್ಲಿ ತಡೆಯುವ ಒಂದು ಕಲ್ಲಾದರೂ ಬೇಕಲ್ಲ! ನೆಟ್ಟಗೆ ಕೆಳತುದಿಗೆ ಓಡಿ, ಕೊರೆದು, ನದಿಗೆ ಬಿತ್ತು.

ನಾನು ಕುರ್ಚಿಯ ಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿದೆ, ಸಭಿಕರೇ. ಕಾರಣ ಸಿಕ್ಕಿತಲ್ಲ ಎಂಬ ಸಂತೋಷಕ್ಕೆ. ಆ ರಾಶಿ ಯಾರದು ಎಂದು ನೆನಪಾದದ್ದು ಆಮೇಲೆ.

ಒಂದೇ ಸಲ ನೋಡಿದ್ದನ್ನು ನಂಬಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಚಳಿಗಾಲ ಅಡುಗೆಮನೆಯಲ್ಲಿ ಕಳೆಯಿತು. ಮಾಂಸ ಬೇಯಿಸುವ ದೊಡ್ಡ ತಟ್ಟೆಯಲ್ಲಿ ಮರಳು ಹಾಕಿ, ಇಳಿಜಾರು ಮಾಡಿ, ಹಳ್ಳ ತೋಡಿ, ಒಣ ಬೀನ್ಸ್ ಕಾಳುಗಳನ್ನು ರಾಶಿ ಹಾಕಿ, ಕೆಟಲ್‌ನಿಂದ ನೀರು ಬಿಟ್ಟೆ. ಮತ್ತೆ ಬಿಟ್ಟೆ. ಮತ್ತೆ ಬಿಟ್ಟೆ. ಒಂದು ಸಲವಾದರೂ ನೀರು ಬೇರೆ ಕಡೆ ಹೋದೀತೇ ಎಂದು. ಏಪ್ರಿಲ್‌ನಲ್ಲಿ ಅತ್ತಿಗೆ ಕ್ಯಾರೆಟ್ ಹಾಕಿದ ಜೆಲ್ಲಿ ತೆಗೆದುಕೊಂಡು ಬಂದಾಗಲೂ ನಾನು ಅದನ್ನೇ ಮಾಡುತ್ತಿದ್ದೆ.

"ಏನೇ ಥೋರಾ ಇದು, ಅಡುಗೆ ತಟ್ಟೇಲಿ ಮಣ್ಣು?"

"ಕತ್ತೆಕಿವಿ, ಅತ್ತಿಗೆ."

"ಕಾಳು ಯಾಕೆ?"

"ಅದು ಅಣ್ಣನ ರಾಶಿ."

"ಬೀನ್ಸ್ ಅಂದ್ರೆ ಅವನಿಗೆ ಆಗ್ತಾನೇ ಇರ್ಲಿಲ್ಲ. ಸರಿ, ಹುಯ್ಯಿ, ನೋಡೋಣ."

ಹುಯ್ದೆ. ಅತ್ತಿಗೆ ಕನ್ನಡಕ ಒರೆಸಿ ಹಾಕಿಕೊಂಡಳು.

"ನೀನು ಕೈ ವಾಲಿಸ್ತಿದೀಯ. ಕೊಡಿಲ್ಲಿ."

ತಾನೇ ಹುಯ್ದಳು. ನೀರು ಕಾಳಿಗೆ ತಾಗಿ, ತಿರುಗಿ, ರನ್‌ವೇ ಕೊರೆದುಕೊಂಡು ಹೋಯಿತು. ಅತ್ತಿಗೆ ಒಂದು ಬೆರಳಿನಿಂದ ಕಾಳುಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಮತ್ತೆ ಹುಯ್ದಳು. ನೀರು ತನ್ನ ಹಳೆಯ ಹಳ್ಳದಲ್ಲೇ ಇಳಿಯಿತು, ರನ್‌ವೇ ಒಣಗಿಯೇ ಇತ್ತು. ಅತ್ತಿಗೆ ಕೆಟಲ್ ಕೆಳಗಿಟ್ಟಳು.

"ಅವನಿಗೆ ಇದು ಗೊತ್ತಿತ್ತಾ?"

"ಇಲ್ಲ ಅತ್ತಿಗೆ. ಗೊತ್ತಿದ್ದಿದ್ರೆ ಮಾರನೇ ದಿನವೇ ನಮ್ಮೆಲ್ಲರ ಕೈಲಿ ಹೊರಿಸಿರ್ತಿದ್ದ."

"ಅದು ನಿಜ," ಎಂದಳು. ಜೆಲ್ಲಿ ತಿಂದಳು. ಮನೆಗೆ ಹೋದಳು.

ಸಭಿಕರೇ, ರನ್‌ವೇ ತುಸು ಗಿಡ್ಡವಾದರೆ ಏನಂತೆ, ನಾವು ರಜೆಯಲ್ಲಿ ಇಳಿದು ಫೋಟೋ ತೆಗೆದುಕೊಳ್ಳುವವರು, ಬೇರೆ ಕಡೆ ಇಳಿದರಾಯಿತು, ಅಲ್ಲವೇ? ನಮಗೆ ಹೌದು. ಮಾಯ್ತೆಗೆ? ಜುಲೈನಲ್ಲಿ ಹಳ್ಳಗಳು ಎದ್ದರೆ ಅವರ ಮನೆಗೆ ಹೋಗುವ ಕಾರಿನ ದಾರಿ ವಾರಗಟ್ಟಲೆ ಮುಳುಗಿರುತ್ತದೆ. ಆಗ ಉಳಿಯುವುದು ಈ ರನ್‌ವೇ ಒಂದೇ. ಅವಳಿಗೆ ದಿನ ತುಂಬುವುದು ಆಗಸ್ಟ್‌ನಲ್ಲಿ. ಮೊದಲೇ ಊರಿಗೆ ಬಂದಿರು ಎಂದು ನಾನೂ ಹೇಳಿದೆ.

"ಬರ್ತೀನಿ ಅಜ್ಜೀ, ಆಗಸ್ಟ್ ಹಿಡೀತಿದ್ದಂಗೆ ಬರ್ತೀನಿ. ಆದ್ರೆ ಮೊದಲನೇದು ದಿನ ನೋಡ್ಕೊಂಡು ಬಂತಾ? ಎಷ್ಟು ಮುಂಚೆ ಬಂತು ಅಂತ ನಿಮಗೇ ಗೊತ್ತಲ್ಲ, ನೀವೇ ಹೊತ್ಕೊಂಡು ಬಂದ್ರಿ."

ಹೌದು, ನಾನೇ ಹೊತ್ತು ತಂದೆ. ಮಧ್ಯಾಹ್ನದ ಉರಿಯಲ್ಲಿ, ಗಾಳಿ ನೀರು ಬೆರೆಸಿದ ಮಜ್ಜಿಗೆಯಷ್ಟು ತೆಳುವಾಗಿ ರೆಕ್ಕೆಗೆ ಹಿಡಿತ ಕೊಡದಿದ್ದಾಗ, ಮಾಯ್ತೆ ನರಳುತ್ತಿದ್ದಾಗ, ಆ ಕೆಳತುದಿಯ ನೆಲವನ್ನೆಲ್ಲ ಬಳಸಿಕೊಂಡು ಹಾರಿದೆ. ಇವತ್ತು ಅದೇ ಹೊತ್ತಿನಲ್ಲಿ ಅದೇ ಭಾರ ಹೊತ್ತು ಹೊರಟರೆ ನಾನು ಕೊರಕಲಿನಲ್ಲಿರುತ್ತೇನೆ. ಇನ್ನೊಂದು ಮಳೆಯಾದರೆ ಖಾಲಿ ವಿಮಾನವೂ ಏಳುವುದಿಲ್ಲ.

ಆದ್ದರಿಂದ ಅಧ್ಯಕ್ಷರೇ, ಪರದೆ ಸರಿಸಿ. ಫಲಕವನ್ನು ಓದೋಣ, ಮನಸಾರೆ ಚಪ್ಪಾಳೆ ತಟ್ಟೋಣ. ಆಮೇಲೆ ಅದನ್ನು ಈ ಸಭಾಂಗಣದ ಗೋಡೆಗೆ ಹಾಕೋಣ. ರಾಶಿಗೆ ಜಡಿಯಬೇಡಿ, ಏಕೆಂದರೆ ಬರುವ ಶನಿವಾರ ನಾವೆಲ್ಲ ಸೇರಿ ಆ ರಾಶಿಯನ್ನು ಬಿಚ್ಚಬೇಕು. ಒಂದೊಂದೇ ಕಲ್ಲನ್ನು ಕೆಳತುದಿಗೆ ಸಾಗಿಸಿ ಕೊರಕಲು ತುಂಬಬೇಕು, ಮೇಲೆ ಮಣ್ಣು ಹೊದಿಸಿ ಗಟ್ಟಿ ಮಾಡಬೇಕು. ದಾರಿ ಇನ್ನೂ ಒಣಗಿದೆ, ಬೆನ್ಯಾತ್ ಟ್ರ್ಯಾಕ್ಟರ್ ತರುತ್ತಾನೆ. ಇನ್ನು ಮುಂದೆಯೂ ಇಳಿದವರು ಕಲ್ಲು ಎತ್ತಲೇಬೇಕು, ಅಣ್ಣನ ಕಾನೂನು ಬದಲಾಗುವುದಿಲ್ಲ. ಎಲ್ಲಿ ಹಾಕಬೇಕೆಂಬುದು ಮಾತ್ರ ಬದಲಾಗುತ್ತದೆ.

ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೀರಿ. ಯಾಕೆಂದು ನನಗೆ ಗೊತ್ತು. ಹೆಸರಿನ ಕಲ್ಲುಗಳು. ಡೊರೀನ್, ನಿನ್ನ ಯಜಮಾನರದು ಅಲ್ಲಿದೆ. ವರ್ಲ್, ನಿನ್ನ ಮಗನದು ಅಲ್ಲಿದೆ. ಅವನ್ನು ಮುಟ್ಟು ಎಂದು ನಿಮಗೆ ಹೇಳುವ ಹಕ್ಕು ನನಗಿಲ್ಲ. ನಾನು ನನ್ನ ಮನೆಯ ಮಾತು ಮಾತ್ರ ಹೇಳಬಲ್ಲೆ. ಅಣ್ಣನ ಕಲ್ಲನ್ನು ಮನೆಯ ಅಂಗಳಕ್ಕೆ ತಂದಿಡೋಣವೇ ಎಂದು ಅತ್ತಿಗೆಯನ್ನು ಕೇಳಲು ಏಪ್ರಿಲ್‌ನಿಂದ ನನಗೆ ಬಾಯಿ ಬಂದಿರಲಿಲ್ಲ. ಇವತ್ತು ಇಲ್ಲಿಗೆ ಬರುವಾಗ ಕಾರಿನಲ್ಲಿ ಅವಳೇ ಮಾತು ತೆಗೆದಳು.

"ಅವನದನ್ನ ಮೊದಲು ಹಾಕು. ತಳಕ್ಕೆ."

"ಚಕ್ರದಡೀಗಾ ಅತ್ತಿಗೆ?"

"ಹೂಂ. ಬದುಕಿರೋವರೆಗೂ ಎಲ್ಲರ ಮೇಲೂ ಸವಾರಿ ಮಾಡ್ದ. ಇನ್ನು ಮೇಲೆ ಎಲ್ಲರೂ ಅವನ ಮೇಲೆ ಓಡಾಡ್ಲಿ. ಮಾಯ್ತೆ ಮಗು ಮೊದಲು ದಾಟ್ಲಿ."

ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ನಾನೂ ರಸ್ತೆ ನೋಡಿಕೊಂಡು ಕಾರು ಓಡಿಸಿದೆ.

ತಾಳ್ಮೆಯಿಂದ ಕೇಳಿದಿರಿ, ನಿಮಗೆ ಋಣಿ. ಭಾಷಣಕ್ಕೆ ಅವಕಾಶ ಕೊಟ್ಟ ವರ್ಲ್‌ಗೂ, ಅಡುಗೆಯನ್ನು ಬಿಸಿಯಾಗಿಟ್ಟು ಕಾಯುತ್ತಿರುವವರಿಗೂ ವಂದನೆ. ನಿಮ್ಮವರ ಕಲ್ಲನ್ನು ಏನು ಮಾಡಬೇಕು, ಕೆಳಗೆ ಅಣ್ಣನ ಪಕ್ಕ ಹಾಕಬೇಕೋ, ನಿಮ್ಮ ಮನೆಗೆ ತಂದುಕೊಡಬೇಕೋ, ಈಗಲೇ ಎದ್ದು ಹೇಳಿ ಎಂದು ಕೇಳುವುದಿಲ್ಲ. ಮನೆಗೆ ಹೋಗಿ ಯೋಚಿಸಿ. ಬಾಯಲ್ಲಿ ಹೇಳಲಾಗದಿದ್ದರೆ ಎರಡು ಸಾಲು ಬರೆದು ನನ್ನ ಅಂಚೆ ಡಬ್ಬಿಗೆ ಹಾಕಿ; ನಾನು ಹಾಗೆಯೇ ನಡೆದುಕೊಳ್ಳುತ್ತೇನೆ. ಶನಿವಾರಕ್ಕೆ ಮುಂಚೆ ನನ್ನ ಕೈ ಸೇರಬೇಕು. ಬೇಗ ಬರೆಯಿರಿ.

ನಮಸ್ಕಾರ.