ಕರೆಯುವ ಜಾಗದಲ್ಲಿ ಉರ್ಹೋ

ಸುಪೀರಿಯರ್ ಸರೋವರದ ಮೇಲಿಂದ ನವೆಂಬರಿನ ಮಳೆ ಅಡ್ಡಡ್ಡಲಾಗಿ ಬೀಸುತ್ತಿದ್ದ ಆ ಸಂಜೆ, ಚರ್ಚಿನ ನೆಲಮಾಳಿಗೆಯಲ್ಲಿ ರೇಡಿಯೋ ಹವ್ಯಾಸಿಗಳ ಸಂಘದ ಎಂಟು ಹತ್ತು ಮಂದಿ ಏಲಕ್ಕಿ ಬ್ರೆಡ್ಡನ್ನು ಕಾಫಿಗೆ ಅದ್ದಿಕೊಂಡು ತಿನ್ನುತ್ತ ಕೂತಿದ್ದರು. ಸೈಮಿಯೊಬ್ಬಳು ಮಾತ್ರ ತನ್ನ ಬ್ರೆಡ್ಡನ್ನು ಮುಟ್ಟಿರಲಿಲ್ಲ. ಅವಳ ತಂಗಿ ಕೈಸಾ ಮರುದಿನ ಕೊನೆಯ ದೋಣಿ ಹತ್ತಿ ದ್ವೀಪದ ದೀಪಸ್ತಂಭದ ಮನೆ ಕಾಯಲು ಹೋಗುವವಳಿದ್ದಳು. ವಸಂತ ಬಂದು ಮಂಜುಗಡ್ಡೆ ಕರಗುವ ತನಕ ಅಲ್ಲಿಗೆ ಫೋನಿಲ್ಲ, ಕಾಗದವಿಲ್ಲ. ರೇಡಿಯೋದಲ್ಲಿ ಅಕ್ಷರ ಟೈಪು ಮಾಡಿ ಕಳಿಸುವುದಷ್ಟೇ. ಹವ್ಯಾಸಿಗಳು 'ಜಾಗ' ಎನ್ನುವ ಫ್ರೀಕ್ವೆನ್ಸಿ ಯಾವುದು, ಅಕ್ಷರಗಳನ್ನು ಬೇಗ ಇಲ್ಲವೇ ನಿಧಾನವಾಗಿ ಕಳಿಸುವ 'ಮೋಡು' ಯಾವುದು, ಯಾವುದರಲ್ಲಿ ಅಕ್ಕತಂಗಿಯರು ಕರೆದುಕೊಳ್ಳಬೇಕೆಂಬುದು ಈಗಲೇ ತೀರ್ಮಾನವಾಗಬೇಕಿತ್ತು.

"ಬೇಗದ ಮೋಡೇ ಇಟ್ಕೋ ಕಣೇ," ಎಂದ ಬೇಕರಿಯ ರೂಡಿ. "ನಿಧಾನದ್ದು ಇಟ್ರೆ 'ಊಟ ಆಯ್ತಾ' ಅಂತ ಕೇಳೋಷ್ಟರಲ್ಲಿ ಅವಳು ಮಾರನೇ ದಿನದ ಊಟಕ್ಕೆ ಕೂತಿರ್ತಾಳೆ."

ನಗುವಿನ ನಡುವೆ ಸೈಮಿ ಮೂಲೆಯ ಕುರ್ಚಿಯತ್ತ ತಿರುಗಿದಳು. "ಹೈಕ್ಕಿ ಅಜ್ಜ, ನೀವೇ ಒಂದು ಜಾಗ ಹೇಳಿ. ನಿಮ್ಮಷ್ಟು ಬಲ್ಲವರು ಈ ಊರಲ್ಲಿ ಯಾರಿದ್ದಾರೆ?"

ಎಂಬತ್ತಮೂರರ ಹೈಕ್ಕಿ ಲೋಟ ಕೆಳಗಿಟ್ಟ.

"ಜಾಗ ಹೇಳಲ್ಲ ಮಗಳೇ, ಕತೆ ಹೇಳ್ತೀನಿ. ರೂಡಿ, ನೀನು ಮಾಡಿದ ಬ್ರೆಡ್ಡನ್ನ ನಿನ್ನ ಬಾಯಿಗೇ ತುರುಕ್ಕೊಂಡು ಸುಮ್ನೆ ಕೂರು.

"ಉರ್ಹೋ ಅಂತ ನನ್ನ ಗೆಳೆಯ... ಇದೇ ದ್ವೀಪ, ಇದೇ ಮನೆ, ಹದಿನಾಲ್ಕು ಚಳಿಗಾಲದ ಹಿಂದಿನ ಮಾತು. ದಿನಾ ಸಂಜೆ ಅವನು ಕರೆಯೋನು, ನಾನು ಓಗೊಡೋನು. ನಮ್ಮ ರೇಡಿಯೋದೋರ ಮರ್ಯಾದೆ ನಿಮಗೇ ಗೊತ್ತಲ್ಲ, ಕರೆಯೋ ಜಾಗ ಅಂದ್ರೆ ಮನೆ ಬಾಗಿಲಿದ್ದ ಹಾಗೆ, ಕೂಗಿ ಓಗೊಟ್ಟ ಮೇಲೆ ಪಕ್ಕಕ್ಕೆ ಸರಿದು ಖಾಲಿ ಜಾಗದಲ್ಲಿ ಹರಟಬೇಕು, ಬಾಗಿಲಲ್ಲೇ ನಿಂತ್ರೆ ಉಳಿದವರಿಗೆ ದಾರಿ ಎಲ್ಲಿ? ಅದರಲ್ಲಿ ನಾನು ಬಲು ಕಟ್ಟುನಿಟ್ಟು. ಸರೋವರ ಇನ್ನೂ ಹೆಪ್ಪುಗಟ್ಟಿರಲಿಲ್ಲ, ಒಂದಿನ ಹೀಗೇ ಗಾಳಿ, ಹೀಗೇ ಮಳೆ... ಅವನ ಸಂಕೇತದ ಗೆರೆ ಪರದೆ ಮೇಲೆ ಬಂತು, ಇದೆಯೋ ಇಲ್ಲವೋ ಅನ್ನೋಷ್ಟು ತೆಳ್ಳಗೆ. ಎಲ್ಲಕ್ಕಿಂತ ನಿಧಾನದ ಮೋಡು. ಒಂದಕ್ಷರ... ಆಮೇಲೆ ಇನ್ನೊಂದು... 'ಹೈಕ್ಕಿ, ಇಲ್ಲೇ ಇರು.' ಅಷ್ಟು ಬರೋಕೇ ಎರಡು ನಿಮಿಷ. ನನಗೆಲ್ಲಿದೆ ತಾಳ್ಮೆ? 'ಮೇಲಿನ ಖಾಲಿ ಜಾಗಕ್ಕೆ ಬಾ, ಬೇಗದ ಮೋಡು ಹಾಕು' ಅಂತ ಟೈಪ್ ಮಾಡಿ, ಅವನ ಉತ್ತರಕ್ಕೂ ಕಾಯದೆ ಸರಿದುಬಿಟ್ಟೆ. ಅಲ್ಲಿ ಕಾದೆ, ನಲವತ್ತು ನಿಮಿಷ. ಮುನಿಸ್ಕೊಂಡ ಅಂತ ರೇಡಿಯೋ ಆರಿಸಿ ಸೌನಾಗೆ, ಹಬೆ ಸ್ನಾನಕ್ಕೆ ಹೋದೆ. ಹೋದೆ ನೋಡಿ!

"ಮೂರನೇ ದಿನ ಗಾಳಿ ಇಳಿದ ಮೇಲೆ ದೋಣಿ ಹೋಯ್ತು. ಕುರ್ಚೀಲೇ ಇದ್ದ, ಬೆರಳು ಕೀಲಿಗಳ ಮೇಲೆ. ಎದೆಬಡಿತ ನಿಂತಿತ್ತಂತೆ. ಪರದೆ ಮೇಲೆ ಅವನ ಕೊನೇ ಮಾತು... 'ಬರ್ತೀನಿ.'

"ಮಣ್ಣು ಮಾಡಿ ಬಂದ ವಾರಕ್ಕೆ ರೇಡಿಯೋ ಮುಂದೆ ಕೂತೆ. ಯಾರೂ ಕಾಲಿಡದ ಒಂದು ಮೂಲೆ ಆರಿಸಿದೆ. ಹತ್ತು ನಿಮಿಷ ಆಗಿಲ್ಲ... ಅದೇ ನಿಧಾನದ ಗೆರೆ. 'ಬಂದೆ ಹೈಕ್ಕಿ. ಮಾತಾಡು.' ಜಾಗ ಬದಲಿಸಿದೆ, ಅಲ್ಲಿದ್ದ. ಮೋಡು ಬದಲಿಸಿದೆ, ಅಲ್ಲೂ ಇದ್ದ. ದಿನದಿಂದ ದಿನಕ್ಕೆ ಅವನ ಗೆರೆ ದಪ್ಪ ಆಗ್ತಾ ಬಂತು. ಸರೋವರದ ಆಚೆ ದಡದೂರಿಂದ ನನ್ನ ಮಗಳು ಕರೆದ್ರೆ ಅವಳದ್ದೊಂದು ಅಕ್ಷರವೂ ಉಳೀತಿರಲಿಲ್ಲ, ಎಲ್ಲಾ ಅವನಡಿ ಮುಚ್ಚಿಹೋಗೋದು. ಕೊನೆಗೆ ರೇಡಿಯೋ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿದೆ."

ರೂಡಿ ಅಗಿಯುವುದನ್ನು ನಿಲ್ಲಿಸಿದ್ದ. ಹೊರಗಿನ ಗಾಳಿಯಲ್ಲಿ ಸೈಮಿಗೆ ತಂಗಿಯ ದನಿಯೇ ಕೇಳಿದಂತಾಯಿತು.

"ಅದೆಲ್ಲ ಆಗಿನ ಮಾತಲ್ವಾ ಅಜ್ಜ?"

"ಆಗಿನದೇ ಅಂತ ನಾನೂ ಅಂದ್ಕೊಂಡಿದ್ದೆ. ಮೊನ್ನೆ ಅಂಗಡೀಲಿ ನೀನು ಕೈಸಾ ಹೋಗೋ ವಿಷಯ ಹೇಳಿದೆಯಲ್ಲ, ದಾರೀಲಿ ಬರ್ತಾ ನಿಮ್ಮಿಬ್ಬರಿಗೆ ಅಂತ ಒಂದು ಒಳ್ಳೇ ಜಾಗ ಮನಸ್ಸಲ್ಲೇ ಆರಿಸಿದೆ. ಬಾಯಿಬಿಟ್ಟು ಯಾರಿಗೂ ಹೇಳಲಿಲ್ಲ. ಖಾಲಿ ಇದೆಯಾ ನೋಡೋಣ ಅಂತ ಇವತ್ತು ಮಧ್ಯಾಹ್ನ ರೇಡಿಯೋ ಕೆಳಗಿಳಿಸಿ ಹಚ್ಚಿದೆ... ಅದೇ ನಿಧಾನದ ಗೆರೆ, ಆಗಲೇ ಅಲ್ಲಿ ಕಾದಿತ್ತು."

ಹೈಕ್ಕಿ ಲೋಟವನ್ನು ಪಕ್ಕಕ್ಕೆ ಸರಿಸಿ ಸೈಮಿಯತ್ತ ಬಾಗಿದ.

"ಮೋಡು ನಿಧಾನದ್ದೇ ಇರಲಿ ಮಗಳೇ. ಬಿರುಗಾಳೀಲಿ ಕೈಸಾ ಅಕ್ಷರ ನಿನ್ನ ತಲುಪೋದು ಅದರಲ್ಲೇ. ಜಾಗ ಮಾತ್ರ ನೀನೇ ಆರಿಸ್ಕೋ... ಆರಿಸ್ಕೊಂಡು ನನಗೆ ಹೇಳ್ಬೇಡ."