ಎರಡು ಹಳದಿ

ಅದಕ್ಕೊಂದು ಹೆಸರಿತ್ತು ಕಣೇ ಅಲೀನ್... ಪೆ... ಪೆತ್ತ... ಛೆ, ನಾಲಿಗೆ ತುದೀಲೇ ಇದೆ. ಮೊಳೆ ಹೊಡೆದ ಹಲಗೆ. ಅದರ ಮೇಲೆ ತಂತಿ ಹಾಸಿ, ನಾಲ್ಕು ಬೆರಳಿಗೊಂದು ಮೇಣದ ದಾರದ ಗಂಟು ಹಾಕಿ ಕಟ್ಟು ಮಾಡ್ತಿದ್ವಿ. ಆಮೇಲೆ ಅದನ್ನ ಪಿನ್‌ಬಾಲ್ ಆಟದ ಯಂತ್ರದ ಹೊಟ್ಟೆಗೆ ಬೆಸೆಯೋದು. ಐವತ್ತು ವರ್ಷ ಈ ಬೆಲ್ಜಿಯಮ್ಮಿನಲ್ಲಿದ್ದು ನಿನ್ನಜ್ಜಿಗೆ ತನ್ನೂರಿನ ಮಾತೇ ಕೈಕೊಡ್ತಿದೆ... ಇರಲಿ, ನಿನ್ನ ಫಲಕಕ್ಕೆ ನೀನು ಬರ್ಕೊ.

ಅಲ್ಲ, ಆ ಯಂತ್ರಾನ ಯಾಕೆ ಬೋರಲು ಹಾಕಿದ್ದೀಯ? ನೆಟ್ಟಗೆ ನಿಲ್ಲಿಸು, ಗಾಜಿನ ಮೇಲೆ ಎಷ್ಟು ಚೆಂದದ ಚಿತ್ರ ಇದೆ... ಬೇಡ್ವಾ? ಸರಿ, ನಿನ್ನಿಷ್ಟ.

ನಮ್ಮ ಯಜಮಾನ ಒರೆಸ್ತೆ ಬರ್ತೊಲಾಸಿ ಮೊದಲು ಬಿಲಿಯರ್ಡ್ಸ್ ಮೇಜು ಮಾಡ್ತಿದ್ದ. ಒಂದಿನ ಲಿವೋರ್ನೊ ಬಂದರಿನಿಂದ, ಅಮೆರಿಕದ ಸಿಪಾಯಿಗಳ ಕ್ಲಬ್ಬಿನ ಹಳೇ ಪಿನ್‌ಬಾಲ್ ತಂದ. ಪೂರ್ತಿ ಬಿಚ್ಚಿ, ಇಂಥದ್ದೇ ಮಾಡಿ ಅಂದ. ಹನ್ನೊಂದೇ ಜನ ನಾವು. ತಂತಿಯ ಬಣ್ಣ ಸಮೇತ ನಕಲು ಮಾಡಿದ್ವಿ.

ಈಗಲೇ ನಗಬೇಡ, ನಗು ಬರೋದು ಇನ್ನೂ ಮುಂದಿದೆ. ಆ ಸಿಪಾಯಿಗಳ ಸಿಗರೇಟು ಹೊಗೆಗೆ ಬಿಳಿ ತಂತಿಯೆಲ್ಲ ಹಳದಿಗೆ ತಿರುಗಿತ್ತು. ನಮಗೇನು ಗೊತ್ತು? ಹಳದಿ ಕಂಡಲ್ಲೆಲ್ಲ ಹಳದಿ ಹಾಕಿದ್ವಿ. ಗೊತ್ತಾಗೋ ಹೊತ್ತಿಗೆ ನಕ್ಷೆ ಬರೆದಾಗಿತ್ತು, ಒರೆಸ್ತೆ ತಿದ್ದೋಕೆ ಬಿಡಲಿಲ್ಲ. ಹಂಗಾಗಿ ನಮ್ಮಲ್ಲಿ ಎರಡು ಹಳದಿ. ನಿಜದ ಹಳದಿ, ಹೊಗೆ ಹಳದಿ. ಯಾವುದು ಎಲ್ಲಿಗೆ ಅಂತ ಬೆರಳಿಗೇ ಗೊತ್ತಿರಬೇಕು.

ಆ ದಾರ ಇತ್ತ ಕೊಡು, ಊಟದ ಮಾಂಸದ ಸುರುಳಿ ಬಿಚ್ಕೊಳ್ತಿದೆ, ಗಂಟು ಹಾಕ್ತೀನಿ. ಭಾನುವಾರ ಅಂದ್ರೆ ನಿಮ್ಮಮ್ಮ ಹನ್ನೆರಡಕ್ಕೇ ಬಂದು ಕೂರ್ತಾಳೆ.

ಎಪ್ಪತ್ತನಾಲ್ಕರಲ್ಲಿ ಬ್ರಸೆಲ್ಸಿನ ಮೇಳ. ಒರೆಸ್ತೆ ತೋರಿಸೋಕೆ ಒಯ್ದಿದ್ದು ಇದೇ ಯಂತ್ರ. ಕೊಳ್ಳೋರೆಲ್ಲ ಸುತ್ತ ನಿಂತಿದ್ದಾಗ ಒಳಗಿನ ತಂತಿ ಸುರುಳಿಯೊಂದಕ್ಕೆ ಕರೆಂಟು ಹರೀತಾನೇ ಇದ್ದು ಹೊಗೆ ಎದ್ದಿತು. ಒಂದು ಹಳದಿ ಇನ್ನೊಂದರ ಜಾಗಕ್ಕೆ ಹೋಗಿತ್ತು, ಅಷ್ಟೇ. ಒಬ್ಬನೂ ಕೊಳ್ಳಲಿಲ್ಲ. ಒರೆಸ್ತೆ ಯಂತ್ರಾನ ಅಲ್ಲೇ ಯಾವನೋ ಕೆಫೆಯವನಿಗೆ ಕೊಟ್ಟು ಬರಿಗೈಲಿ ಬಂದ. ಅದನ್ನೇ ನೀನೀಗ ಎಲ್ಲಿಂದಲೋ ಹುಡುಕಿ ತಂದಿದ್ದೀಯ. ಆ ಮೇಳ ಆಗಿ ವರ್ಷದೊಳಗೆ ಕಾರ್ಖಾನೆಗೆ ಬೀಗ ಬಿತ್ತು.

ಕಟ್ಟು ಕಟ್ಟೋರು ನಾವಿಬ್ಬರೇ, ಡೆಲ್ಫೀನಾ ಮತ್ತು ನಾನು. ಯಾರ ಕೈತಪ್ಪು ಅಂತ ಒರೆಸ್ತೆ ಕೇಳಿದ. ಆ ತಿಂಗಳು ಅವಳ ಗಂಡ ಆಸ್ಪತ್ರೆಯಲ್ಲಿದ್ದ, ಅವಳಿಗೆ ನಿದ್ದೆಯಿಲ್ಲ. "ನಾನೇ ಇರಬೇಕು" ಅಂದಳು. ಅವಳೇ ಒಪ್ಪಿಕೊಂಡಳಲ್ಲ, ಹಾಗೇ ಬರಿ. ಊರಲ್ಲಿ ಇವತ್ತಿಗೂ ಹಳದಿ ಡೆಲ್ಫೀನಾ ಅಂತಲೇ ಕರೆಯೋದಂತೆ. ಎಂಬತ್ತಾರು ಅವಳಿಗೆ. ಮುಂದಿನ ತಿಂಗಳು ಊರವರು ಈ ಯಂತ್ರ ಇಟ್ಟು ಕಾರ್ಖಾನೆಯ ನೆನಪಿಗೊಂದು ಕೋಣೆ ತೆರೆದಾಗ, ನೀನು ಬರೆದ ಫಲಕ ಅವಳೂ ಓದ್ತಾಳೆ.

ಯಾಕೆ, ಪೆನ್ನು ನಿಂತೇ ಹೋಯ್ತಲ್ಲ.

ಗಂಟು ಹಾಕೋ ನನ್ನ ಕೈ ಯಾಕೆ ಹಂಗೆ ನೋಡ್ತೀಯ? ಎಡಗೈ, ಗೊತ್ತಿಲ್ವಾ ನಿಂಗೆ? ಈ ತಿರುವು ಗಂಟು ನಿಂಗೂ ನಾನೇ ಕಲಿಸಿದ್ದು. ಮೂರು ದಿನ ನೀನು ಅತ್ತಿದ್ದೆ, ನಿನ್ನ ಬಲಗೈಗೆ ಬಗ್ಗಲೇ ಇಲ್ಲ ಅಂತ...

ಯಂತ್ರದ ಹೊಟ್ಟೆಗೆ ಬಿಟ್ಟ ಆ ಟಾರ್ಚ್ ಇಳಿಸು. ಅಲ್ಲೇನಿದೆ ನೋಡೋಕೆ? ಐವತ್ತು ವರ್ಷದ ದಾರ ಇನ್ನೂ ಇರುತ್ತಾ...

ಇದೆ.

ಅದೇ ತಿರುವು, ಎಡಗೈ ಗಂಟು. ಬೈಯಿ ಬೇಕಾದ್ರೆ.

ಹೌದು, ಹನ್ನೊಂದು ಜನರಲ್ಲಿ ಎಡಚಿ ನಾನೊಬ್ಬಳೇ. ಗಂಟು ನೋಡಿದ್ರೆ ಯಾರ ಕಟ್ಟು ಅಂತ ಮಕ್ಕಳೂ ಹೇಳ್ತಿದ್ರು. ಯಂತ್ರ ಬ್ರಸೆಲ್ಸಲ್ಲೇ ಉಳೀತು, ಯಾರೂ ನೋಡಲಿಲ್ಲ; ಅದು ನನ್ನ ಕಟ್ಟು ಅಂತ ನಂಗೊಬ್ಬಳಿಗೇ ಗೊತ್ತಿತ್ತು. ಡೆಲ್ಫೀನಾ ಹಾಗಂದಾಗ ನಾನು ಕೋಟಿನ ಗುಂಡಿ ಹಾಕ್ತಿದ್ದೆ. ಹಾಕ್ತಾನೇ ಇದ್ದೆ. ಅವಳು ನನ್ನ ಕಡೆ ನೋಡಿದಳು, ಸಮಾಧಾನ ಹೇಳಲಿ ಅಂತ. ಹೇಳಿದೆ ಕೂಡ.

ಪೆತ್ತಿನೆ. ಈಗ ನೆನಪಾಯ್ತು ನೋಡು, ಆ ಹಲಗೆಗೆ ಪೆತ್ತಿನೆ ಅಂತಿದ್ವಿ, ಬಾಚಣಿಗೆ ಅಂತ... ಅದಿರಲಿ. ಪೆನ್ನು ತಗೋ ಮಗಾ. ಡೆಲ್ಫೀನಾ ಅಂತ ಇರೋದನ್ನ ಹೊಡೆದುಹಾಕು. ಇಲ್ಡೆ ಅಂತ ನನ್ನ ಹೆಸರು ಬರಿ. ಫಲಕದಲ್ಲೂ ಹಾಗೇ, ದೊಡ್ಡ ಅಕ್ಷರದಲ್ಲಿ. ಅವಳಿಗೆ ಕಣ್ಣು ಮಂಜಂತೆ.