ಪೂರ್ತಿ ಎಡಕ್ಕೆ ಹಿಡಿ

ಮಂಚಿಕೇರಿ ಪೇಟೆ ಮುಗಿದ ಮೇಲೆ ರಸ್ತೆ ಬದಿಗೆ ಒಂದು ಆಲದ ಮರ ಇದೆ. ಮರಕ್ಕೆ ತಾಗಿ ತಗಡಿನ ಶೆಡ್ಡು. ಈಗ ಬಾಗಿಲು ಹಾಕಿದೆ. ಎರಡು ವರ್ಷದ ಹಿಂದೆ ನಾನೂ ನನ್ನ ಚಿಕ್ಕಮ್ಮನ ಮಗ ಸಂಜಯನೂ ಚಂದಗುಳಿಯಲ್ಲಿ ಊಟ ಮುಗಿಸಿ ಬಂದು, ಪೇಟೆಯಲ್ಲಿ ಬಸ್ಸಿಳಿದು, ನಮ್ಮ ಮನೆಗೆ ನಡೆದು ಹೋಗ್ತಿದ್ವಿ. ಹನ್ನೊಂದು ದಾಟಿತ್ತು. ಮರ ಇನ್ನೂ ಐವತ್ತು ಹೆಜ್ಜೆ ಇದೆ ಅನ್ನುವಾಗ ಸಂಜಯ ನನ್ನ ತೋಳು ಹಿಡಿದ.

"ಅಣ್ಣ, ಟಾರ್ಚ್ ಆರ್ಸು."

"ಎಂತಕ್ಕೆ?"

"ಆರ್ಸು. ಗದ್ದೆ ಬದಿಗೆ ಹೋಪನ."

ಆ ಶೆಡ್ಡು ಅವನದೇ. ಹದಿನಾರು ವರ್ಷ ಅಲ್ಲಿ ಗ್ಯಾರೇಜು ನಡೆಸಿದವ. ಶೆಡ್ಡಿನ ಹಿಂದಿನ ಗೋಡೆಗೇ ಅವನ ಮನೆ ಇತ್ತು. ಅದನ್ನೂ ಬಿಟ್ಟು ಪೇಟೆಯೊಳಗೆ ಬಾಡಿಗೆಗೆ ಹೋಗಿದ್ದ. ಯಾಕೆ ಅಂತ ಯಾರಿಗೂ ಹೇಳಿರಲಿಲ್ಲ. ಆ ರಾತ್ರಿ ಗದ್ದೆ ಬದುವಿನ ಮೇಲೆ, ಕತ್ತಲಲ್ಲಿ, ಪಿಸುಗುಟ್ಟಿದ ಹಾಗೆ ನನಗೆ ಹೇಳಿದ. ಅಂವ ಹೇಳಿದ್ದನ್ನೇ ಹೇಳ್ತೇನೆ. ಸೇರಿಸಿದ್ದು ಏನೂ ಇಲ್ಲ.

ಗುಡ್ನಾಪುರದ ಸದಾಶಿವ ಅಂತ ಒಬ್ಬ ಗಿರಾಕಿ. ಜೇನು ಸಾಕುವವ. ಹದಿನಾಲ್ಕು ವರ್ಷದ ಹಳೇ ಪಿಕಪ್ ಗಾಡಿ ಇತ್ತು. ನಮ್ಮ ಕಡೆ ಕಾಡಿನಲ್ಲಿ ಹೂವಿರುವ ತನಕ ಪೆಟ್ಟಿಗೆ ಇಲ್ಲಿಟ್ಟು, ಬನವಾಸಿ ಕಡೆ ಹೊಲ ಹೂ ಬಿಟ್ಟಾಗ ಅಲ್ಲಿಗೆ ಸಾಗಿಸ್ತಿದ್ದ. ಜೇನು ಸಾಗಿಸೋದು ರಾತ್ರಿಯೇ. ಕತ್ತಲಾಗಿ ಹುಳ ಎಲ್ಲ ಗೂಡಿಗೆ ಬಂದ ಮೇಲೆ ಪೆಟ್ಟಿಗೆಯ ಬಾಯಿ ಮುಚ್ಚಬೇಕು. ಬಿಸಿಲೇರುವುದರೊಳಗೆ ತೆರೆಯಬೇಕು. ಇಲ್ಲದಿದ್ದರೆ ಒಳಗೇ ಬೆಂದು ಸಾಯ್ತವೆ.

ಚಳಿಗಾಲದ ಒಂದು ರಾತ್ರಿ, ಎಂಟೂವರೆ ಹೊತ್ತಿಗೆ, ಮೂವತ್ತು ಪೆಟ್ಟಿಗೆ ಹೇರಿಕೊಂಡು ಬಂದು ಶೆಡ್ಡಿನ ಮುಂದೆ ಗಾಡಿ ನಿಲ್ಲಿಸಿದ.

"ಹೆಗಡೇರ, ಸ್ಟೇರಿಂಗ್ ಭಾಳ ಬಿಗಿ ಆಗೇತ್ರಿ. ತಿರುವಿದ್ರ ಗುಂಯ್ ಅಂತೈತಿ."

ಸಂಜಯ ಬಾನೆಟ್ ಎತ್ತಿದ. ಪವರ್ ಸ್ಟೇರಿಂಗಿನ ಎಣ್ಣೆ ಡಬ್ಬಿಯಲ್ಲಿ ತಳ ಕಾಣ್ತಿತ್ತು. ಎಣ್ಣೆ ಕಮ್ಮಿಯಾದರೆ ಪಂಪು ಗಾಳಿ ಎಳೆದುಕೊಂಡು ಹಾಗೆ ಕೂಗ್ತದೆ, ಸ್ಟೇರಿಂಗೂ ಬಿಗಿಯಾಗ್ತದೆ. ಅಂದರೆ ಎಲ್ಲೋ ಸೋರ್ತಾ ಇದೆ. ಟಾರ್ಚ್ ಬಿಟ್ಟು ನೋಡಿದ. ಹಳೇ ಗಾಡಿ. ಎಲ್ಲ ಕಡೆ ಜಿಡ್ಡು, ಜಿಡ್ಡಿನ ಮೇಲೆ ಧೂಳು. ಯಾವುದು ಹಳೇ ಸೋರಿಕೆ, ಯಾವುದು ಇವತ್ತಿನದು, ಹೇಗೆ ಗೊತ್ತಾಗ್ತದೆ?

"ಬಿಟ್ಟು ಹೋಗು. ಬೆಳಿಗ್ಗೆ ತೊಳೆದು ನೋಡ್ತೇನೆ."

"ಹುಳಾ ಸಾಯ್ತಾವ್ರಿ."

ಸಂಜಯ ಡಬ್ಬಿಗೆ ಕೆಂಪೆಣ್ಣೆ ತುಂಬಿದ. ಸ್ಟೇರಿಂಗ್ ಆಚೆ ಈಚೆ ತಿರುಗಿಸಿ ನೋಡಿದ. ಕೂಗು ನಿಂತಿತ್ತು. ಹಗುರಾಗಿ ತಿರುಗ್ತಿತ್ತು.

"ಎಂತ ಆಗೂದಿಲ್ಲ. ನಿಧಾನ ಹೋಗು."

ಅಷ್ಟೇ ಹೇಳಿದ್ದು...

ಶಿರಸಿ ದಾಟಿ ಬನವಾಸಿ ರಸ್ತೆಯಲ್ಲಿ ಒಂದು ಎಡ ತಿರುವು. ಅಲ್ಲಿ ಗಾಡಿ ತಿರುಗಲಿಲ್ಲ. ನೇರ ಹೋಗಿ ಕೆಳಗಿನ ಹಳ್ಳಕ್ಕೆ ಮಗುಚಿತು. ಬೆಳಿಗ್ಗೆ ಜನ ನೋಡಿದರು. ನೋಡಿದರೂ ಹತ್ತಿರ ಹೋಗಲಿಕ್ಕೆ ಆಗಲಿಲ್ಲ. ಪೆಟ್ಟಿಗೆ ಒಡೆದು ಮೂವತ್ತು ಗೂಡಿನ ಜೇನೂ ಎದ್ದಿತ್ತು. ಸಂಜೆ ಹುಳ ತಣ್ಣಗಾಗುವ ತನಕ ಸದಾಶಿವ ಅಲ್ಲೇ ಇದ್ದ. ಜೀವ ರಾತ್ರಿಯೇ ಹೋಗಿತ್ತೋ... ಮಧ್ಯಾಹ್ನದ ತನಕ ಇತ್ತೋ... ಯಾರಿಗೂ ಗೊತ್ತಿಲ್ಲ.

ಎಂಟು ತಿಂಗಳ ಮೇಲೆ ಒಂದು ಲಾರಿ ಆ ಪಿಕಪ್ಪನ್ನ ಎಳೆದುಕೊಂಡು ಬಂದು ಆಲದ ಮರದ ಕೆಳಗೆ ನಿಂತಿತು. ಲಾರಿಯಿಂದ ಒಬ್ಬ ಹೆಂಗಸು ಇಳಿದಳು. ಸದಾಶಿವನ ಹೆಂಡತಿ, ಅನ್ನಪೂರ್ಣವ್ವ. ಆ ಗಾಡಿಯನ್ನ ಯಾವಾಗಲೂ ನೋಡುತ್ತಿದ್ದವ ಸಂಜಯ ಅಂತ ಅವಳಿಗೆ ಗೊತ್ತಿತ್ತು. ಆ ರಾತ್ರಿಯೂ ಗಾಡಿ ಇಲ್ಲಿಗೆ ಬಂದಿತ್ತು ಅನ್ನೋದು ಗೊತ್ತಿರಲಿಲ್ಲ.

"ರಿಪೇರಿ ಬ್ಯಾಡ್ರಿ," ಅಂದಳು. "ಒಂದ ಮಾತು ಹೇಳ್ರಿ ಸಾಕು. ಸ್ಟೇರಿಂಗ್ ಕೆಟ್ಟಿತ್ತೇನು?"

"ಪೊಲೀಸರು ಎಂತ ಹೇಳಿದ್ರು?"

"ಕುಡದಿರಲಿಲ್ಲ ಅಂದ್ರು. ಬ್ರೇಕ್ ಹಿಡಿದ ಗುರ್ತೂ ಇಲ್ಲ ಅಂದ್ರು." ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು. "ಅವತ್ತ ಮಧ್ಯಾಹ್ನ ಫೋನಿನ್ಯಾಗ ಜಗಳಾ ಮಾಡಿದ್ದೆ. ಮನಿಗೆ ಬರಬ್ಯಾಡ, ಎಲ್ಲೆರ ಹೋಗಿ ಸಾಯಿ ಅಂದಿದ್ದೆ... ಅವ್ರು ತಿರುವಿದ್ರೂ ತಿರುಗಲಿಲ್ಲೋ, ಅವ್ರ ತಿರುವಲಿಲ್ಲೋ... ಅಷ್ಟ ಬೇಕ್ರಿ ನನಗ."

ಆ ರಾತ್ರಿ ಗಾಡಿ ಬಂದದ್ದನ್ನ ಸಂಜಯ ಹೇಳಲಿಲ್ಲ. ನಾಲ್ಕು ದಿನ ಬಿಟ್ಟು ಬನ್ನಿ ಅಂದ.

ಮೊದಲ ದಿನ ಎಣ್ಣೆ ಡಬ್ಬಿ ತೆರೆದು ನೋಡಿದ. ಖಾಲಿ. ಅದರಿಂದ ಏನೂ ತಿಳಿಯಲಿಲ್ಲ, ಮಗುಚಿ ಬಿದ್ದ ಗಾಡಿಯಲ್ಲಿ ಎಣ್ಣೆ ಎಲ್ಲಿ ಉಳೀತದೆ? ಪಂಪು, ಪೈಪು, ಸ್ಟೇರಿಂಗ್ ಬಾಕ್ಸು ಎಲ್ಲ ಡೀಸೆಲ್ಲಿನಲ್ಲಿ ತೊಳೆದ. ಬಟ್ಟೆಯಲ್ಲಿ ಒರೆಸಿ ಒಣಗಿಸಿದ. ಹೊಸ ಎಣ್ಣೆ ತುಂಬಿ, ಕೆಳಗೆ ರಟ್ಟು ಹಾಸಿ ರಾತ್ರಿ ಹಾಗೇ ಬಿಟ್ಟ. ಬೆಳಿಗ್ಗೆ ನೋಡಿದರೆ ರಟ್ಟಿನ ಮೇಲೆ ಒಂದು ಹನಿ ಇಲ್ಲ.

ಎರಡನೇ ದಿನ ಬೇರೆ ಬ್ಯಾಟರಿ ಹಾಕಿ ಇಂಜಿನ್ ಚಾಲು ಮಾಡಿದ. ಬಾಡಿ ಸೊಟ್ಟಾಗಿದ್ದರೂ ಇಂಜಿನ್ ಬಚಾವಾಗಿತ್ತು. ಪೈಪು ಪೈಪು ಸೇರುವಲ್ಲೆಲ್ಲ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿದ. ಎಲ್ಲಿ ಸೋರಿದರೂ ಬಿಳಿ ಮೇಲೆ ಕೆಂಪು ಕಾಣಲೇಬೇಕು. ಎಡಕ್ಕೆ ತಿರುಗಿಸಿದ. ಬಲಕ್ಕೆ ತಿರುಗಿಸಿದ. ಇಳಿದು ಬಗ್ಗಿ ನೋಡಿದ. ಬೆಳಿಗ್ಗೆಯಿಂದ ಸಂಜೆ ತನಕ ಇದೇ ಕೆಲಸ. ಪೌಡರ್ ಬಿಳಿಯಾಗೇ ಇತ್ತು. ಸೋರಿಕೆ ಇಲ್ಲ.

"ಖುಷಿ ಆತು ಅಣ್ಣ," ಅಂದ ಸಂಜಯ. ಬದುವಿನ ಮೇಲೆ ನಿಂತುಬಿಟ್ಟಿದ್ದ. "ಆನು ಕೊಂದಿದ್ದಲ್ಲ ಹೇಳಿ ಖುಷಿ ಆತು. ಆಮೇಲೆ ತಲೆಗೆ ಹೊಳೀತು... ಹಂಗಾರೆ ಆ ಹೆಂಗಸಿಗೆ ಎಂತ ಹೇಳವು?"

ಒಂದು ಪರೀಕ್ಷೆ ಬಾಕಿ ಇತ್ತು. ಸ್ಟೇರಿಂಗ್ ಪೂರ್ತಿ ಒಂದು ಬದಿಗೆ ತಿರುಗಿಸಿ ಅಲ್ಲೇ ಒತ್ತಿ ಹಿಡಿದರೆ ಎಣ್ಣೆಯ ಒತ್ತಡ ಜಾಸ್ತಿ ಆಗ್ತದೆ. ಆವಾಗ ಮಾತ್ರ ಸೋರುವ ಸೀಳೂ ಇರ್ತದೆ. ಅದಕ್ಕೆ ಇಬ್ಬರು ಬೇಕು. ಒಬ್ಬ ಮೇಲೆ ಹಿಡಿಯಲಿಕ್ಕೆ, ಒಬ್ಬ ಕೆಳಗೆ ಮಲಗಿ ನೋಡಲಿಕ್ಕೆ. ಸಂಜಯ ಮೂರನೇ ದಿನ ಮಾಡಲಿಲ್ಲ. ನಾಲ್ಕನೇ ದಿನ ಹಗಲೂ ಮಾಡಲಿಲ್ಲ. ನೋಡಲಿಕ್ಕೆ ಹೆದರಿಕೆ. ಬೆಳಗಾದರೆ ಅನ್ನಪೂರ್ಣವ್ವ ಬರುವವಳು.

ರಾತ್ರಿ ಒಂಬತ್ತೂವರೆಗೆ ಹೆಂಡತಿ ಮೇಧಾಳನ್ನ ಕರೆದು ಡ್ರೈವರ್ ಸೀಟಿನಲ್ಲಿ ಕೂರಿಸಿದ. ಇಂಜಿನ್ ಚಾಲು ಮಾಡಿಸಿ, ಟಾರ್ಚ್ ಹಿಡಿದು ಗಾಡಿ ಕೆಳಗೆ ಅಂಗಾತ ಮಲಗಿದ. ಮುಖದ ಮೇಲೇ ಇಂಜಿನ್ನು. ಡಗ್ ಡಗ್ ಡಗ್ ಡಗ್... ಬೇರೆ ಏನೂ ಕೇಳ್ತಿರಲಿಲ್ಲ.

"ಎಡಕ್ಕೆ," ಅಂತ ಕೂಗಿದ. ಟೈರು ಸಿಮೆಂಟಿನ ಮೇಲೆ ಕಿರ್ರ್ ಅಂತು. "ಬಲಕ್ಕೆ." ಕಿರ್ರ್... ಏನೂ ಇಲ್ಲ. ಒಂದು ನಿಮಿಷ ಪೈಪಿನ ಉದ್ದಕ್ಕೆ ಟಾರ್ಚ್ ಆಡಿಸಿದ.

"ಪೂರ್ತಿ ಎಡಕ್ಕೆ. ಒತ್ತಿ ಹಿಡಿ."

ಚಕ್ರ ತಿರುಗಿತು. ಕೊನೆ ತನಕ ಹೋಯಿತು. ಅಲ್ಲೂ ನಿಲ್ಲಲಿಲ್ಲ. ಇನ್ನೂ ಎಳೆದ ಹಾಗೆ... ಕಟ್ ಅಂತು. ಮೇಧಾಳ ಕೈಯಲ್ಲಿ ಅಷ್ಟು ಬಲ ಇಲ್ಲ.

ಪಂಪು ಗುಂಯ್ ಅಂತು. ಅದರ ಹಿಂದೇ, ಸಣ್ಣಗೆ... ಸಿಸ್ಸ್ಸ್...

ಪಂಪಿನಿಂದ ಬರುವ ರಬ್ಬರ್ ಪೈಪು ಕಬ್ಬಿಣದ ಕೊಳವೆಗೆ ಸೇರುವ ಜಾಗ. ಅಲ್ಲಿ ರಬ್ಬರು ಬಾಯಿ ಬಿಟ್ಟಿತ್ತು, ಕೂದಲೆಳೆಯಷ್ಟು. ಕೆಂಪೆಣ್ಣೆ ಸೂಜಿಯ ಹಾಗೆ ಚಿಮ್ಮಿ ಅವನ ಕೆನ್ನೆಗೆ ಬಿತ್ತು. ಬಿಸಿ.

"ಬಿಡು."

ಚಕ್ರ ನೇರ ಆಯಿತು. ಸೀಳು ಮುಚ್ಚಿಕೊಂಡಿತು. ಎಲ್ಲಿತ್ತು ಅಂತ ಹುಡುಕಿದರೂ ಕಾಣೋದಿಲ್ಲ.

"ಮತ್ತೆ ಹಿಡಿ."

ಸಿಸ್ಸ್ಸ್...

ಮೂರು ಸಲ ಹೀಗೆ. ಪ್ರತಿ ಸಲ ತಿರುಗಿಸುವ ಕೈ ಮೊದಲಿಗಿಂತ ಜೋರು. ಮೂರನೇ ಸಲ ಮೇಲಿಂದ ಸದ್ದು ಬಂತು. ಉಸಿರು ಕಟ್ಟಿ ಎಳೆಯುವ ಸದ್ದು. ಹ್ಞಂ... ಹ್ಞಂ... ಭಾರ ಎತ್ತಲಾರದೆ ಎತ್ತುವವನ ಹಾಗೆ. ಆಮೇಲೆ ಗಂಡಸಿನ ದನಿ. ಮೆಲ್ಲಗೆ.

"ಕಂಡ್ತೇನ್ರಿ?"

ಸಂಜಯನ ಬಾಯಿಂದ ಉತ್ತರ ತಾನಾಗೇ ಬಂತು.

"ಕಂಡ್ತು."

ಇಂಜಿನ್ ನಿಂತಿತು.

ತೆವಳಿಕೊಂಡು ಹೊರಗೆ ಬಂದ. ಎದ್ದು ನೋಡಿದ. ಡ್ರೈವರ್ ಸೀಟಿನಲ್ಲಿ ಯಾರೂ ಇಲ್ಲ. ಬಾಗಿಲು ಹಾಕಿತ್ತು. ಮೇಧಾ ಮನೆಯ ಹೊಸಿಲಲ್ಲಿ ನಿಂತಿದ್ದಳು.

"ನೀ ಯಾವಾಗ ಇಳಿದೆ?" ಅಂತ ಕೇಳಿದ.

"ಆಗಲೇ. ಒಲೆ ಮೇಲೆ ಹಾಲು ಇಟ್ಟಿದ್ದಿ ಹೇಳಿ ಕೂಗಿ ಹೇಳಿಕ್ಕೇ ಹೋದಿ. ಕೇಳಿದ್ದಿಲ್ಯಾ?" ಹಾಲು ಇಟ್ಟಿದ್ದೇನೆ ಅಂತ ಕೂಗಿ ಹೇಳಿಯೇ ಇಳಿದು ಹೋಗಿದ್ದಳಂತೆ.

ಅವನ ಮುಖ ನೋಡಿ ಮುಂದೆ ಏನೂ ಕೇಳಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಅನ್ನಪೂರ್ಣವ್ವ ಬಂದಳು. ಸಂಜಯ ಕೂತುಕೊಳ್ಳಿ ಅಂತಲೂ ಅನ್ನಲಿಲ್ಲ. ನಿಂತಲ್ಲೇ ಹೇಳಿಬಿಟ್ಟ. ಆ ರಾತ್ರಿ ಗಾಡಿ ಇಲ್ಲಿಗೆ ಬಂದಿತ್ತು. ಸೋರಿಕೆ ಹುಡುಕದೆ, ಎಣ್ಣೆ ಸುರಿದು, ಹೋಗು ಅಂತ ನಾನೇ ಕಳಿಸಿದೆ. ಪೈಪು ಸೀಳಿದೆ. ನಿಮ್ಮ ಯಜಮಾನರು ತಿರುಗಿಸಿದಾರೆ, ಎಲ್ಲ ಬಲ ಹಾಕಿ ತಿರುಗಿಸಿದಾರೆ, ಗಾಡಿ ತಿರುಗಲಿಲ್ಲ. ದನಿಯ ವಿಷಯ ಮಾತ್ರ ಹೇಳಲಿಲ್ಲ.

ಅವಳು ಕಣ್ಣು ಮಿಟುಕಿಸದೆ ಕೇಳಿದಳು.

"ತೋರಸ್ರಿ."

ಮೇಧಾ ಹತ್ತಿ ಕೂತಳು. ಸಂಜಯ ಆ ಹೆಂಗಸಿನ ಕೈಗೆ ಟಾರ್ಚ್ ಕೊಟ್ಟು, ಪೈಪಿನ ಜಾಗ ತೋರಿಸಿ ಬಗ್ಗಿಸಿದ. ಪೂರ್ತಿ ಎಡಕ್ಕೆ ಹಿಡಿ ಅಂದ. ಪಂಪು ಗುಂಯ್ ಅಂತು. ಸೋರಲಿಲ್ಲ. ಮತ್ತೊಮ್ಮೆ. ಸೋರಲಿಲ್ಲ. ಮೇಧಾಳನ್ನ ಇಳಿಸಿ ತಾನೇ ಕೂತ. ಕಾಲು ಊರಿ, ಹಲ್ಲು ಕಚ್ಚಿ, ತೋಳು ನಡುಗುವ ತನಕ ಎಳೆದ. "ಬಂತಾ? ಈಗ ಬಂತಾ?" ಅಂತ ಕೂಗ್ತಾ ಇದ್ದ. ಒಂದು ಹನಿ ಬರಲಿಲ್ಲ. ಅರ್ಧ ಗಂಟೆ ಹೀಗೇ. ಕೊನೆಗೆ ಪೈಪು ಬಿಚ್ಚಿ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿದ. ಒಳಗೆ ನೋಡಿದ, ಹೊರಗೆ ನೋಡಿದ, ಬಗ್ಗಿಸಿ ನೋಡಿದ. ರಬ್ಬರು ಗಟ್ಟಿಯಾಗಿತ್ತು. ಒಂದು ಬಿರುಕಿಲ್ಲ.

ಅನ್ನಪೂರ್ಣವ್ವ ಆ ಎರಡು ಹೋಳನ್ನ ಕೈಯಲ್ಲಿ ಹಿಡಿದು ನೋಡಿದಳು. ಮೆಲ್ಲಗೆ ಬೆಂಚಿನ ಮೇಲೆ ಇಟ್ಟಳು.

"ಭಾಳ ದೊಡ್ಡ ಮನಸ್ಸು ನಿಮ್ದು, ಹೆಗಡೇರ. ನನ್ನ ಸಮಾಧಾನಕ್ಕ ನಿಮ್ಮ ಮ್ಯಾಲ ಹಾಕ್ಕೊಂಡ್ರಿ."

"ಇಲ್ಲವ್ವಾ, ದೇವರಾಣೆ..."

"ಆಣಿ ಬ್ಯಾಡ್ರಿ. ಸಾಕ್ರಿ." ಕೈ ಮುಗಿದಳು. "ನಾನ ಸಾಯಿ ಅಂದಿದ್ದೆ. ಹೋದ್ರು."

ಗಾಡಿಯನ್ನ ಸಿದ್ದಾಪುರದ ಗುಜರಿಯವರು ಬಂದು ತಗೊಂಡು ಹೋದರು. ಸಂಜಯ ಆಮೇಲೆ ಎರಡು ಸಲ ಗುಡ್ನಾಪುರಕ್ಕೆ ಹೋದ. ಮೊದಲ ಸಲ ಅವಳು ಚಾ ಕೊಟ್ಟು, ಮಾತು ಬೇಡ ಅಂದಳು. ಎರಡನೇ ಸಲ ಹೊರಗೇ ಬರಲಿಲ್ಲ. ತಿಂಗಳೊಳಗೆ ಶೆಡ್ಡು ಮುಚ್ಚಿದ. ಈಗ ಯಲ್ಲಾಪುರದಲ್ಲಿ ಒಂದು ಟೈರ್ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಗಾಡಿ ಕೆಳಗೆ ಮಲಗೋದು ಬಿಟ್ಟಿದ್ದಾನೆ.

ಇಷ್ಟು ಅಂವ ಹೇಳಿದ್ದು. ಇನ್ನೊಂದು ಅವನಿಗೂ ಗೊತ್ತಿಲ್ಲ. ಕಳೆದ ತಿಂಗಳು ಮೇಧಾ ನನ್ನ ಹತ್ತಿರ ಹೇಳಿದ್ದು.

"ಭಾವ, ಇವಕ್ಕೆ ಹೇಳಡಿ," ಅಂದಳು. ಗಂಡನಿಗೆ ಹೇಳಬೇಡ ಅಂತ.

ಅವಳು ಒಳಗೆ ಹೋಗಿ ಹಾಲು ಇಳಿಸಿ ಸ್ವಲ್ಪ ಹೊತ್ತಿಗೇ ಇಂಜಿನ್ ನಿಂತಿತ್ತಂತೆ. ಆಮೇಲೆ ಶೆಡ್ಡಿನಲ್ಲಿ ಇಬ್ಬರು ಮಾತಾಡ್ತಿದ್ದರು. ಕಾಲು ಗಂಟೆ. ಗೋಡೆ ಆಚೆಗೆ ದನಿ ಬರ್ತದೆ, ಮಾತು ತಿಳಿಯೋದಿಲ್ಲ. ಒಂದು ದನಿ ಸಂಜಯನದು. ನಡುವೆ ಸಂಜಯ ಅತ್ತ. ಸಣ್ಣ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಇನ್ನೊಬ್ಬ ಬಹಳ ಹೊತ್ತು, ಒಂದೇ ಸಮ, ಏನೋ ಹೇಳ್ತಾ ಇದ್ದ. ಅದಾದ ಮೇಲೆ ಅವಳು ಹೊಸಿಲಿಗೆ ಬಂದದ್ದು.

ನಾನು ಸಂಜಯನನ್ನ ಬೇರೆ ಯಾವುದೋ ನೆವ ಮಾಡಿ ಕೇಳಿದೇನೆ. ಇಂಜಿನ್ ನಿಂತ ಕೂಡಲೇ ಹೊರಗೆ ಬಂದೆ ಅಂತಾನೆ. "ಕಂಡ್ತು" ಅಂದದ್ದು ಬಿಟ್ಟು ಒಂದಕ್ಷರ ಆಡಿಲ್ಲ ಅಂತಾನೆ. ಇಬ್ಬರೂ ಸುಳ್ಳು ಹೇಳುವವರಲ್ಲ. ಇದು ನಡೆದದ್ದು.

ಯಾರೋ ಗಿರಾಕಿ ಬಂದಿದಾನೆ ಅಂತ ಮೇಧಾ ಆ ರಾತ್ರಿ ಮೂರು ಲೋಟ ಚಾ ಮಾಡಿದ್ದಳು. ಎರಡನ್ನ ಗಂಡ ಹೆಂಡತಿ ಕುಡಿದರು. ಒಂದನ್ನ ಬೆಳಿಗ್ಗೆ ಚೆಲ್ಲಿದಳು.